ಸಾಣಾಪುರದ ಬಂಡೆಗೆ ಕೈ ಹಾಕುವ ಮುಂಚೆ

ಬೆಂಗಳೂರಿನ ಕ್ಲೈಂಬಿಂಗ್ ಜಿಮ್ ಗೋಡೆ ಹತ್ತಿ ಪಳಗಿದವರು ಹಂಪಿ ಹತ್ತಿರದ ಸಾಣಾಪುರಕ್ಕೆ ಬಂಡೆ ಹತ್ತಲು ಬಂದ ಮೊದಲ ದಿನ ಕೇಳುವುದು ಒಂದೇ: "ಇದರಲ್ಲಿ ಹಿಡಿಯೋದು ಏನನ್ನ?" ಜಿಮ್‌ನಲ್ಲಿ ಹಿಡಿಗಳಿಗೆ ಬಣ್ಣ ಇರುತ್ತದೆ, ಕೆಂಪು ಅಂದರೆ ಕೆಂಪು ಹಿಡಿದುಕೊಂಡು ಹೋದರಾಯಿತು. ಇಲ್ಲಿ ಆನೆಗೊಂದಿ ಕಡೆಯಿಂದ ಶುರುವಾದರೆ ಎಲ್ಲಿ ನೋಡಿದರೂ ಗ್ರಾನೈಟ್ ಗುಂಡುಗಳು, ದಾರಿ ನೀವೇ ಹುಡುಕಿಕೊಳ್ಳಬೇಕು. ಹಾಗಾಗಿ ತೋಳಿಗಿಂತ ತಲೆಗೇ ಜಾಸ್ತಿ ಕೆಲಸ.

ಮೊದಲು ಗುಂಡಿನ ಸುತ್ತ ಒಂದು ಸುತ್ತು ಹಾಕಿ, ಇಳಿಯುವ ದಾರಿ ನೋಡಿಕೊಳ್ಳಿ. ಮೇಲೆ ಹೋಗಿ ಕೂತು ಇಳಿಯೋದು ಹೇಗಪ್ಪಾ ಅಂತ ಯೋಚಿಸುವವರು ಬಹಳ ಜನ ಇದ್ದಾರೆ. ಆಮೇಲೆ ದೂರ ನಿಂತು ನೋಡಿ. ಬೆಳಗಿನ ಓರೆ ಬಿಸಿಲಲ್ಲಿ ಕಲ್ಲಿನ ಸಣ್ಣ ಅಂಚು, ಹರಳು, ಗುಳಿ ಎಲ್ಲ ಎದ್ದು ಕಾಣುತ್ತವೆ. ಬೇರೆಯವರು ಕೈ ಜಾರದಿರಲೆಂದು ಹಚ್ಚಿಕೊಂಡ ಚಾಕ್ ಪುಡಿಯ ಗುರುತು ಇರುತ್ತದೆ, ನಂಬಬೇಡಿ. ಅವರ ಕೈ ಉದ್ದ ಎಷ್ಟಿತ್ತೋ ಯಾರಿಗೆ ಗೊತ್ತು!

ಈಗ ಕಣ್ಣು ಮುಚ್ಚಿ, ಗಾಳಿಯಲ್ಲೇ ಕೈ ಆಡಿಸುತ್ತಾ ಪೂರ್ತಿ ಹತ್ತಿ. ಎಡಗೈ ಅಂಚಿಗೆ, ಬಲಗಾಲು ಹರಳಿಗೆ, ಹೀಗೆ. ಎಲ್ಲಿ ಚಿತ್ರ ತಪ್ಪಿ ಹೋಗುತ್ತದೋ, ಬಂಡೆಯ ಮೇಲೂ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಯಾರಾದರೂ ನಕ್ಕರೆ ನಗಲಿ ಬಿಡಿ. ದೊಡ್ಡ ಸ್ಪರ್ಧೆಗಳ ಲೀಡ್ ವಿಭಾಗದಲ್ಲಿ (ಹಗ್ಗ ಕಟ್ಟಿಕೊಂಡು ಎತ್ತರದ ಗೋಡೆ ಹತ್ತುವುದು) ಗೋಡೆ ನೋಡಿಕೊಳ್ಳಲು 6 ನಿಮಿಷ ಕೊಡುತ್ತಾರೆ, ಆಗ ಸ್ಪರ್ಧಿಗಳೂ ಕೆಳಗೆ ನಿಂತು ಕೈ ಆಡಿಸುವುದೇ. ಜೆಕ್ ದೇಶದ ಹೆಸರಾಂತ ಕ್ಲೈಂಬರ್ ಆಡಮ್ ಒಂಡ್ರಾ 2017ರಲ್ಲಿ ನಾರ್ವೆಯ 'ಸೈಲೆನ್ಸ್' ಅನ್ನುವ ಬಲು ಕಷ್ಟದ ಬಂಡೆ ದಾರಿ ಹತ್ತುವುದಕ್ಕೆ ಮುಂಚೆ ನೆಲದ ಮೇಲೆ ಮಲಗಿ ಒಂದೊಂದು ಹೆಜ್ಜೆಯನ್ನೂ ಮನಸ್ಸಲ್ಲೇ ಹತ್ತುತ್ತಿದ್ದ.

ಇನ್ನು ಭಯ. "ಹೆದರಬೇಡ" ಅನ್ನುವುದು ಸುಮ್ನೆ ಮಾತು. ಬದಲಿಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಂದ ಜಾರಿದರೆ ಎಲ್ಲಿ ಬೀಳ್ತೀನಿ? ಎರಡು ಗುಂಡಿನ ಸಂದಿಗೆ ಅಂತಾದರೆ ಆ ಭಯ ಸರಿಯಾಗಿದೆ, ಇಳಿದುಬಿಡಿ. ಕೆಳಗೆ ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟಾಗದಂತೆ ಹಾಸುವ ದಪ್ಪ ಮೆತ್ತೆ) ಇದ್ದು, ಕಾಯುವವನು ಸರಿಯಾಗಿ ನಿಂತಿದ್ದರೆ, ಬೀಳುವುದನ್ನೇ ಅಭ್ಯಾಸ ಮಾಡಬಹುದು. ಮೊದಲು ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ. ಎರಡೂ ಕಾಲು ಒಟ್ಟಿಗೆ ಊರಿ, ಮೊಣಕಾಲು ಮಡಚಿ, ಬೆನ್ನ ಕಡೆ ಉರುಳಿ. ಕೈ ಹಿಂದಕ್ಕೆ ಚಾಚಿದಿರೋ, ಮಣಿಕಟ್ಟು ಹೋಯಿತು! ಕೆಳಗಿನವನ ಕೆಲಸ ನಿಮ್ಮನ್ನು ಎತ್ತಿ ಹಿಡಿಯುವುದಲ್ಲ, ಸೊಂಟವನ್ನು ಪ್ಯಾಡ್ ಕಡೆಗೆ ತಳ್ಳುವುದು.

ಇಳಿಜಾರಿನ ಹಾಸುಬಂಡೆಯಲ್ಲಿ ಭಯದ ಆಟ ಇನ್ನೂ ಮಜಾ. ಹೆದರಿದವರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ತಬ್ಬಿದ ತಕ್ಷಣ ಕಾಲಿನ ಮೇಲಿನ ಭಾರ ತಪ್ಪುತ್ತದೆ, ಶೂ ಜಾರುತ್ತದೆ, ಇನ್ನಷ್ಟು ಹೆದರಿಕೆ. ಸೊಂಟ ಹೊರಗೆ ತನ್ನಿ, ಹಿಮ್ಮಡಿ ಕೆಳಗೆ ಇಳಿಸಿ, ಆಗ ರಬ್ಬರ್ ಪೂರ್ತಿ ಒತ್ತುತ್ತದೆ. ಕಾಲು ನಡುಗಿದರೆ ಉಸಿರನ್ನು ಉದ್ದಕ್ಕೆ ಹೊರಗೆ ಬಿಟ್ಟು ಆಮೇಲೆ ಹೆಜ್ಜೆ ಎತ್ತಿ.

ಹೊಸ ಉಪಾಯ ಹೊಳೆಯಬೇಕಾದರೆ ಸುಲಭದ ಗುಂಡಿನ ಮೇಲೆ ಆಟ ಆಡಿ. ಒಳ್ಳೆ ಹಿಡಿಯೊಂದನ್ನು ಮುಟ್ಟಬಾರದು ಅಂತ ಗೆಳೆಯ ಹೇಳಲಿ. ಒಂದು ಸಲ ಒಂದೇ ಕೈಯಲ್ಲಿ, ಇನ್ನೊಂದು ಸಲ ಕೈಯೇ ಇಲ್ಲದೆ. ಆಗ ಅಂಗೈ ಒತ್ತಿ ಏಳುವುದು, ಹಿಮ್ಮಡಿ ಸಿಕ್ಕಿಸುವುದು, ಪಕ್ಕದ ಗುಂಡಿಗೆ ಬೆನ್ನು ಕೊಟ್ಟು ಮೇಲೇರುವುದು ತಾನಾಗೇ ಬರುತ್ತದೆ. ಕುಳ್ಳಗಿರುವವರು ಇದರಲ್ಲಿ ಮುಂದೆ, ಅವರಿಗೆ ಎಟುಕದೆ ಎಟುಕದೆ ಉಪಾಯ ಕಲಿತಿರುತ್ತಾರೆ, ಅಲ್ವಾ?

ಮಾರ್ಚ್ ಮಧ್ಯಾಹ್ನ ಬಂದು ಜಾರಿದರೆ ಮನಸ್ಸನ್ನು ಬೈಯಬೇಡಿ. ಕಾದ ಕಲ್ಲಲ್ಲಿ ಬೆರಳು ಬೆವರಿ ಹಿಡಿತ ಸಿಗುವುದಿಲ್ಲ ಅಷ್ಟೇ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ, ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹತ್ತಿ. ಮಂಟಪ, ಕೋಟೆಗೋಡೆ, ಕೆತ್ತನೆ ಇರುವ ಕಲ್ಲಿನ ತಂಟೆಗೆ ಹೋಗಬೇಡಿ. ಸಂಜೆ "ಇನ್ನೊಂದೇ ಸಲ" ಅನ್ನಿಸುತ್ತದೆ, ಆದರೆ ಕತ್ತಲಾಗುವ ಮುಂಚೆ ಪ್ಯಾಡ್ ಮಡಚಿ: ಈ ಗುಡ್ಡಗಳಲ್ಲಿ ಚಿರತೆಯೂ ಇದೆ, ಕರಡಿಯೂ ಇದೆ.