ಬಿಟ್ಟುಕೊಟ್ಟ ಮನುಷ್ಯ

ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ‘ಲೆಫ್ಟ್-ಹ್ಯಾಂಡೆಡ್ ಮ್ಯಾನ್’ ಎಂದು ಬರೆದು ಅರ್ಥ ಕೇಳಿದೆ. ಮೂರನೇ ಬೆಂಚಿನ ಹುಡುಗ ಎದ್ದು, “ಬಿಟ್ಟುಕೊಟ್ಟ ಮನುಷ್ಯ ಸಾರ್” ಎಂದ. ಕ್ಲಾಸೆಲ್ಲಾ ನಗು. ಆದರೆ ಅವನ ಲೆಕ್ಕ ಸರಿಯಾಗೇ ಇತ್ತು. ಲೆಫ್ಟ್ ಅಂದರೆ ಬಿಟ್ಟ, ಹ್ಯಾಂಡೆಡ್ ಅಂದರೆ ಕೊಟ್ಟ. ಹಿಂದಿನ ದಿನವಷ್ಟೇ, ಕೊನೆಗೆ ‘ಎಡ್’ ಬಂದರೆ ಭೂತಕಾಲ ಎಂದು ಹೇಳಿಕೊಟ್ಟವನು ನಾನೇ ಅಲ್ವಾ!

ದಾರಿ ತಪ್ಪಿಸಿದ್ದು ನಡುವಿನ ಗೆರೆ. ಅಲ್ಲಿ ಗೆರೆ ಕಂಡ ಮಕ್ಕಳು ಅಲ್ಲೇ ಕತ್ತರಿಸುತ್ತಾರೆ. ನಾನು ‘ಲೆಫ್ಟ್-ಹ್ಯಾಂಡ್’ ಅಷ್ಟಕ್ಕೂ ಸೇರಿಸಿ ಒಂದು ಸುತ್ತು ಹಾಕಿದೆ. ‘ಎಡ್’ ಹೊರಗೆ ಉಳಿಯಿತು. ಮೊದಲು ಎಡಗೈ, ಆಮೇಲೆ ಅದಕ್ಕೆ ‘ಉಳ್ಳ’, ಅಂದರೆ ಎಡಚ. ಮುಖಗಳು ಇನ್ನೂ ಖಾಲಿ. “ಮುಕ್ಕಣ್ಣ ಯಾರು?” ಎಂದೆ. “ಶಿವ ಸಾರ್, ಮೂರು ಕಣ್ಣು ಉಳ್ಳವನು, ಬಹುವ್ರೀಹಿ ಸಮಾಸ” ಎಂದು ನಾಲ್ಕೈದು ದನಿ ಬಂತು. ಕನ್ನಡ ಮೇಷ್ಟ್ರು ನನ್ನ ಅರ್ಧ ಕೆಲಸ ಮೊದಲೇ ಮಾಡಿಟ್ಟಿದ್ದರು.

ಉಚ್ಚಾರಣೆಯ ತುಂಡು, ಅಂದರೆ ಸಿಲಬಲ್, ಎಣಿಸುವಾಗ ಮತ್ತೆ ಎಡವಟ್ಟು. ಲೆ, ಫ್ಟ್, ಹ್ಯಾಂ, ಡೆ, ಡ್ ಎಂದು 5 ಎಣಿಸಿದರು. ಗದ್ದದ ಕೆಳಗೆ ಕೈ ಇಟ್ಟು, ಗದ್ದ ಎಷ್ಟು ಸಲ ಇಳಿಯಿತು ಎಂದು ಎಣಿಸುವ ಉಪಾಯ ಸುಮ್ನೆ ದಂಡ. ನಮ್ಮ ಬಾಯಿ ‘ಲೆಫ್ಟು’ ಎಂದೇ ಹೇಳುತ್ತದೆ. ಆಗ ಹೊಳೆದದ್ದು ಕನ್ನಡ ಛಂದಸ್ಸಿನ ಗುರು-ಲಘು. ಪ್ರಸ್ತಾರ ಹಾಕುವಾಗ, ಅಂದರೆ ಪದ್ಯದ ಅಕ್ಷರಗಳಿಗೆ ಗುರು-ಲಘು ಗುರುತು ಹಾಕುವಾಗ, ಕೊನೆಯ ಅರ್ಧಾಕ್ಷರವನ್ನು ಬೇರೆ ಎಣಿಸುವುದಿಲ್ಲ, ಅದು ಹಿಂದಿನ ಅಕ್ಷರವನ್ನು ಗುರು ಮಾಡಿ ಸುಮ್ಮನಾಗುತ್ತದೆ. ಹಾಗೇ ಹಾಕಿ ಎಂದೆ. ಲೆಫ್ಟ್, ಹ್ಯಾಂ, ಡೆಡ್. ಮೂರು ಗುರು, ಮೂರೇ ತುಂಡು.

ಆದರೆ ಪದದ ಭಾಗಗಳು ಬೇರೆ, ಉಚ್ಚಾರಣೆಯ ತುಂಡುಗಳು ಬೇರೆ. ಎಡ, ಕೈ, ಉಳ್ಳ ಎಂದು ಭಾಗಗಳೂ ಮೂರು; ಇಲ್ಲಿ ಎರಡೂ 3 ಆದದ್ದರಿಂದ ಮಕ್ಕಳು ಎರಡೂ ಒಂದೇ ಅಂದುಕೊಂಡರು. ಅದಕ್ಕೇ ‘ಬ್ಲೂ-ಐಡ್’ ಕೊಟ್ಟೆ. ನೀಲಿ, ಕಣ್ಣು, ಉಳ್ಳ: ಭಾಗ 3. ಬಾಯಲ್ಲಿ ಬ್ಲೂ, ಐಡ್: 2 ಅಷ್ಟೇ. ಈ ವ್ಯತ್ಯಾಸ ಏಕೆ? ಹ್ಯಾಂಡ್ ಮುಗಿಯುವುದೇ ‘ಡ್’ ಮೇಲೆ, ಇನ್ನೊಂದು ‘ಡ್’ ಹೇಳಲು ನಡುವೆ ಸ್ವರ ಬೇಕು. ‘ಟ್’ ಇದ್ದರೂ ಹೀಗೇ, ‘ಕೈಂಡ್-ಹಾರ್ಟೆಡ್’ ನೋಡಿ. ‘ಐ’ಗೆ ಆ ಕಷ್ಟವಿಲ್ಲ, ‘ಡ್’ ಹೋಗಿ ಅಂಟಿಕೊಳ್ಳುತ್ತದೆ.

ಬೆಲ್ ಹೊಡೆಯುವ ಹೊತ್ತಿಗೆ ‘ವನ್-ಐಡ್’ ಬರೆದು ಮೂರನೇ ಬೆಂಚಿನ ಕಡೆ ನೋಡಿದೆ. ಅವನು ಈ ಸಲ ಎದ್ದೇಳಲೂ ಇಲ್ಲ. “ಒಕ್ಕಣ್ಣ ಸಾರ್” ಎಂದು ಪುಸ್ತಕ ಮುಚ್ಚಿದ.