ಚಿರೆಕಲ್ಲಿನ ರಂಧ್ರಕ್ಕೆ ಸಾರಜನಕ ತುಂಬಿ ಬಲ ಅಳೆಯುವ ಕೆಲಸ

ಕುಮಟಾ, ಹೊನ್ನಾವರ ಕಡೆಯ ಚಿರೆಕಲ್ಲು ಮಳೆಗಾಲದಲ್ಲಿ ಬಲ ಕಳೆದುಕೊಳ್ಳುವುದಕ್ಕೆ ಎರಡು ದಾರಿಗಳಿವೆ. ರಂಧ್ರದಲ್ಲಿ ನಿಂತ ನೀರು ಒಳಗಿನಿಂದ ಒತ್ತುತ್ತದೆ. ಅದೇ ನೀರು ಕಲ್ಲಿನ ಜೇಡಿಯನ್ನು ಮೆತ್ತಗೂ ಮಾಡುತ್ತದೆ. ನೀರು ತುಂಬಿಯೇ ಪರೀಕ್ಷಿಸಿದರೆ ಯಾವುದರ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಒಣ ಸಾರಜನಕ ಜೇಡಿಯನ್ನು ಮುಟ್ಟುವುದಿಲ್ಲ, ಒತ್ತುತ್ತದೆ ಅಷ್ಟೆ. ಹಾಗಾಗಿ ನಾನು ಮೊದಲು ಅನಿಲದಲ್ಲಿ, ಆಮೇಲೆ ನೀರಿನಲ್ಲಿ ಮಾಡುತ್ತೇನೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಕಂಡ ಜಿಲ್ಲೆಗೆ ಈ ಎರಡು ಲೆಕ್ಕ ಬೇರೆಬೇರೆಯಾಗಿಯೇ ಬೇಕು. ಇಳಿಜಾರಿಗೆ ಹಾಕುವ ಬಸಿಗೊಳವೆ ತಗ್ಗಿಸುವುದು ಒತ್ತಡವನ್ನು. ಆಗಲೇ ಮೆತ್ತಗಾದ ಜೇಡಿಯನ್ನು ಅದು ಗಟ್ಟಿ ಮಾಡದು.

ಕೋರ್, ಅಂದರೆ ಕಲ್ಲಿನಿಂದ ಕೊರೆದು ತೆಗೆದ ಉರುಳೆಯಾಕಾರದ ತುಂಡು, 54 ಮಿ.ಮೀ. ವ್ಯಾಸ, 108 ಮಿ.ಮೀ. ಉದ್ದ. ಕೊರೆಯುವಾಗ ನೀರು ಬಿಡಬೇಡಿ, ರಂಧ್ರದೊಳಗಿನ ಜೇಡಿ ತೊಳೆದುಹೋಗಿ ಬೇರೆಯದೇ ಕಲ್ಲು ಕೈಗೆ ಬರುತ್ತದೆ. ಕಂಪ್ರೆಸರ್ ಗಾಳಿಯಲ್ಲೇ ಕೊರೆಯಬೇಕು. ಓವನ್‌ನಲ್ಲಿ ರೂಢಿಯ 105 ಡಿಗ್ರಿ ಬೇಡ. ಚಿರೆಕಲ್ಲಿನ ಕೆಲವು ಜೇಡಿ ಖನಿಜಗಳು ಆ ಬಿಸಿಗೆ ತಮ್ಮೊಳಗಿನ ನೀರನ್ನೇ ಬಿಟ್ಟು ಬದಲಾಗುತ್ತವೆ. 50 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಸಿಲಿಕಾ ಜೆಲ್ ಇಟ್ಟ ಡೆಸಿಕೇಟರ್‌ಗೆ ಹಾಕುತ್ತೇನೆ. ಕರಾವಳಿಯ ಜುಲೈ ಹವೆಯಲ್ಲಿ ತೆರೆದಿಟ್ಟ ಸ್ಯಾಂಪಲ್ ಮತ್ತೆ ತೇವ ಎಳೆದುಕೊಳ್ಳುತ್ತದೆ.

ಕೋರ್‌ಗೆ ರಬ್ಬರಿನ ತೆಳು ಕವಚ (ಮೆಂಬ್ರೇನ್) ತೊಡಿಸಿ, ಸುತ್ತಲಿಂದ ದ್ರವದ ಒತ್ತಡ ಕೊಡುವ ಮುಚ್ಚಿದ ಪಾತ್ರೆಯಲ್ಲಿ (ಸೆಲ್) ಇಡಬೇಕು. ಹೆಚ್ಚು ಕೆಲಸ ಕೆಡುವುದು ಮೆಂಬ್ರೇನ್‌ನಲ್ಲಿ. ಕಲ್ಲಿನ ಮೈಮೇಲಿನ ಪೊಳ್ಳುಗಳಿಗೆ ಸುತ್ತಲಿನ ಒತ್ತಡ ರಬ್ಬರನ್ನು ತಳ್ಳುತ್ತದೆ, ಪೊಳ್ಳಿನ ಚೂಪು ಅಂಚು ಅದನ್ನು ಸೀಳುತ್ತದೆ. ಅದೇ ಕಲ್ಲಿನ ಪುಡಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ ಜತೆ ಕಲಸಿ ಪಕ್ಕದ ಪೊಳ್ಳುಗಳನ್ನಷ್ಟೇ ಮೆತ್ತಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಬೇಕು. ಎರಡು ತುದಿಗಳಿಗೆ ಮೆತ್ತಬಾರದು, ಅನಿಲ ಒಳಹೋಗುವ ದಾರಿ ಅದು. ಇನ್ನೊಂದು ತೊಂದರೆ: ರಬ್ಬರ್ ನೀರನ್ನು ತಡೆದಷ್ಟು ಚೆನ್ನಾಗಿ ಅನಿಲವನ್ನು ತಡೆಯುವುದಿಲ್ಲ. ಎರಡು ಮೆಂಬ್ರೇನ್ ಹಾಕಿ ನಡುವೆ ಅಲ್ಯೂಮಿನಿಯಂ ಹಾಳೆ ಸುತ್ತುತ್ತೇನೆ. ಸೆಲ್‌ನಲ್ಲಿ ಎಣ್ಣೆಯಿದ್ದರೆ ಹೊರಗಿನದು ನೈಟ್ರೈಲ್ ಆಗಿರಲಿ. ಲೇಟೆಕ್ಸ್ ಎಣ್ಣೆಯಲ್ಲಿ ಉಬ್ಬುತ್ತದೆ.

ಒತ್ತಡ ಏರಿಸುವಾಗ ಸೆಲ್ ಯಾವಾಗಲೂ ಮುಂದೆ, ಅನಿಲ ಹಿಂದೆ. ನಡುವೆ ಕನಿಷ್ಠ 0.2 ಮೆಗಾಪಾಸ್ಕಲ್ ಅಂತರ ಇರಲೇಬೇಕು. ಅನಿಲ ಮುಂದಾದರೆ ಮೆಂಬ್ರೇನ್ ಬಲೂನಿನಂತೆ ಉಬ್ಬುತ್ತದೆ. ಸೆಲ್ 1.0 ಮೆಗಾಪಾಸ್ಕಲ್‌ಗೆ ನಿಲ್ಲಿಸಿ, ಒಂದೊಂದು ಸ್ಯಾಂಪಲ್‌ಗೆ ರಂಧ್ರದ ಒತ್ತಡ 0, 0.25, 0.5, 0.75 ಹೀಗೆ ಕೊಡುತ್ತೇನೆ. ಎರಡೂ ತುದಿಯಲ್ಲಿ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಒಂದೇ ಓದು ತೋರಿಸಿದ ಮೇಲೆ ಸಿಲಿಂಡರ್ ಕಡೆಯ ವಾಲ್ವ್ ಮುಚ್ಚಿ ಓದು ಇಳಿಯುತ್ತದೆಯೇ ನೋಡಬೇಕು. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಸೋರಿಕೆ ಗುಳ್ಳೆಯಲ್ಲಿ ಕಾಣುತ್ತದೆ. ಆದರೆ ಇಳಿದದ್ದೆಲ್ಲ ಸೋರಿಕೆಯಲ್ಲ. ಕೋಣೆಯ ಉಷ್ಣತೆ 3 ಡಿಗ್ರಿ ಬದಲಾದರೆ ಮುಚ್ಚಿಟ್ಟ ಅನಿಲದ ಒತ್ತಡ ಶೇ. 1ರಷ್ಟು ಬದಲಾಗುತ್ತದೆ, ಹಾಗಾಗಿ ಥರ್ಮಾಮೀಟರ್ ಓದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

ವಾಲ್ವ್ ಮತ್ತೆ ತೆರೆದು, ನಿಮಿಷಕ್ಕೆ 0.065 ಮಿ.ಮೀ. ವೇಗದಲ್ಲಿ ಮೇಲಿನಿಂದ ಒತ್ತುತ್ತೇನೆ. ಚಿರೆಕಲ್ಲಿಗೆ ಇದು ಸಾಕಷ್ಟು ನಿಧಾನ. ಘಟ್ಟದ ಗಟ್ಟಿ ನೈಸ್ ಶಿಲೆಯಾದರೆ ಇದರ ಹತ್ತನೇ ಒಂದು ಭಾಗಕ್ಕೆ ಇಳಿಸಬೇಕು, ಅನಿಲ ಒಳಗೆಲ್ಲ ಸಮವಾಗುವುದಕ್ಕೂ ಗಂಟೆಗಟ್ಟಲೆ ಕಾಯಬೇಕು.

ಲೆಕ್ಕಕ್ಕೆ ಮಣ್ಣಿನ ಯಂತ್ರಶಾಸ್ತ್ರದ ಎಂಜಿನಿಯರ್ ಟೆರ್ಜಾಗಿಯ ಸೂತ್ರ: ಹೊರಗಿನ ಒತ್ತಡದಿಂದ ರಂಧ್ರದ ಒತ್ತಡ ಕಳೆದರೆ ಕಲ್ಲಿಗೆ ನಿಜವಾಗಿ ಸಿಗುವ ಆಸರೆ. ಘರ್ಷಣಾ ಕೋನ (ಒತ್ತಿದಷ್ಟೂ ಕಲ್ಲು ಜಾರದೆ ತಡೆಯುವ ಶಕ್ತಿ ಎಷ್ಟು ಏರುತ್ತದೆ ಎಂಬುದರ ಅಳತೆ) 35 ಡಿಗ್ರಿ ಎಂದುಕೊಂಡರೆ, ರಂಧ್ರದ ಒತ್ತಡ 0.1 ಏರಿದಾಗಲೆಲ್ಲ ಕಲ್ಲು ಸೆಲ್ ಒತ್ತಡದ ಮೇಲೆ ಹೆಚ್ಚುವರಿಯಾಗಿ ತಾಳುವ ಭಾರ ಸುಮಾರು 0.27 ಮೆಗಾಪಾಸ್ಕಲ್ ಇಳಿಯಬೇಕು. ಸೂತ್ರ ಈ ಕಲ್ಲಿಗೆ ಹೊಂದುತ್ತದೆಯೇ ಎಂದು ತಿಳಿಯಲು, ಸೆಲ್ 0.5, ಅನಿಲ ಸೊನ್ನೆ ಇಟ್ಟು ಇನ್ನೊಂದು ಸ್ಯಾಂಪಲ್ ಮುರಿಯಿರಿ. ಎರಡರಲ್ಲೂ ಆಸರೆ 0.5 ಆದ್ದರಿಂದ ಅದರ ಬಲವೂ, ಸೆಲ್ 1.0 ಅನಿಲ 0.5 ಇದ್ದದ್ದರ ಬಲವೂ ಹತ್ತಿರ ಬರಬೇಕು. ಒಂದೇ ಕಲ್ಲಿನ ಎರಡು ಕೋರ್‌ಗಳಲ್ಲೇ ಪೊಳ್ಳು ಹೆಚ್ಚುಕಡಿಮೆ ಇರುವುದರಿಂದ ಪ್ರತಿ ಹಂತಕ್ಕೂ ಒಂದಕ್ಕಿಂತ ಹೆಚ್ಚು ಸ್ಯಾಂಪಲ್ ಇಲ್ಲದೆ ತೀರ್ಮಾನಕ್ಕೆ ಬರಬಾರದು.

ಮುರಿದ ಕಲ್ಲನ್ನು ತಿರುಗಿಸಿ ನೋಡಿ. ಅನಿಲದ ಒತ್ತಡ ಕಡಿಮೆಯಿದ್ದಾಗ ಓರೆಯಾಗಿ ಒಂದೇ ಜಾರುಮೈ. ಹೆಚ್ಚಿದಂತೆ ಆಸರೆ ತಗ್ಗಿ, ಬಿರುಕುಗಳು ಉದ್ದಕ್ಕೆ ಸೀಳತೊಡಗುತ್ತವೆ. ಮುರಿತದ ಹೊತ್ತಿನಲ್ಲಿ ನೀರು, ಅನಿಲ ಬೇರೆ ಬೇರೆ ರೀತಿ ವರ್ತಿಸುತ್ತವೆ. ಬಿರುಕು ಬಾಯಿಬಿಟ್ಟಾಗ ನೀರು ತಕ್ಷಣ ತುಂಬಿಕೊಳ್ಳಲು ಆಗದೆ ಅದರ ಒತ್ತಡ ಕುಸಿದು, ಕಲ್ಲು ಕ್ಷಣಕಾಲ ತಡೆಯುವುದುಂಟು. ಅನಿಲ ಹಿಗ್ಗಿ ಬಿರುಕನ್ನು ಬೆನ್ನಟ್ಟುತ್ತದೆ. ಆದ್ದರಿಂದ ಸೆಲ್ ಸುತ್ತ ಉಕ್ಕಿನ ಗಾರ್ಡ್ ಇಲ್ಲದೆ ಯಂತ್ರ ಚಾಲೂ ಮಾಡಬೇಡಿ.

ಇಳಿಸುವಾಗ ಮೊದಲು ಅನಿಲ, ಅದೂ ಸೂಜಿ ವಾಲ್ವ್‌ನಿಂದ ನಿಧಾನಕ್ಕೆ. ಒಮ್ಮೆಲೇ ಬಿಟ್ಟರೆ ತುದಿ ಬರಿದಾಗುತ್ತದೆ, ಒಳಗಿನ ಅನಿಲ ಹೊರಬರಲು ಹೊತ್ತು ಸಾಲದೆ ಕಲ್ಲನ್ನು ಬಿಲ್ಲೆ ಬಿಲ್ಲೆಯಾಗಿ ಸೀಳುತ್ತದೆ. ಆ ಬಿರುಕನ್ನು ಆಮೇಲೆ ಯಾರಾದರೂ ಭಾರದಿಂದ ಆದ ಮುರಿತ ಎಂದು ಎಣಿಸಿಯಾರು, ಹಾಗಾಗಿ ಅಳತೆ, ಫೋಟೊ ಎಲ್ಲಕ್ಕೂ ಮೊದಲು ಇಳಿಸಿದ ರೀತಿಯನ್ನು ದಾಖಲಿಸಬೇಕು.