ಎನ್‌ಎಫ್‌ಎಲ್‌ನಲ್ಲಿ ತಂಡಗಳು ಸರಿಸಮವಾದಾಗ ಮೇಲಿನ ಸ್ಥಾನವನ್ನು ಲೆಕ್ಕ ಹಾಕುವ ಬಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಎಎಫ್‌ಸಿ ಮತ್ತು ಎನ್‌ಎಫ್‌ಸಿ ಎಂಬ ಎರಡು ಕಾನ್ಫರೆನ್ಸ್‌ಗಳಲ್ಲಿವೆ. ಪ್ರತಿ ಕಾನ್ಫರೆನ್ಸ್‌ನಲ್ಲಿ ತಲಾ ನಾಲ್ಕು ತಂಡಗಳ ನಾಲ್ಕು ಡಿವಿಷನ್‌ಗಳಿವೆ. ಪ್ರತಿ ಕಾನ್ಫರೆನ್ಸ್‌ನಿಂದ ನಾಲ್ವರು ಡಿವಿಷನ್ ವಿಜೇತರೂ, ಉಳಿದವರಲ್ಲಿ ಮುಂದಿರುವ ಮೂರು ತಂಡಗಳು ವೈಲ್ಡ್ ಕಾರ್ಡ್ ಮೂಲಕವೂ ಪ್ಲೇಆಫ್ ತಲುಪುತ್ತವೆ. ಒಂದು ಋತುವಿನಲ್ಲಿ ತಂಡವೊಂದು ಆಡುವುದು 17 ಪಂದ್ಯಗಳನ್ನು ಮಾತ್ರ. ಹೀಗಾಗಿ ಕೊನೆಯ ವಾರ ಮುಗಿದಾಗ ಎರಡು ಮೂರು ತಂಡಗಳು ಒಂದೇ ಮಟ್ಟದಲ್ಲಿ ನಿಂತಿರುವುದು ಅಪರೂಪವೇನಲ್ಲ.

ಮೊದಲು ತಂಡಗಳು ನಿಜಕ್ಕೂ ಸಮವಾಗಿವೆಯೇ ಎಂದು ನೋಡಬೇಕು. ಇಲ್ಲಿ ಸ್ಥಾನ ನಿರ್ಧಾರವಾಗುವುದು ಗೆಲುವಿನ ಶೇಕಡಾವಾರಿನಿಂದ. ಡ್ರಾ ಆದ ಪಂದ್ಯವನ್ನು ಅರ್ಧ ಗೆಲುವು, ಅರ್ಧ ಸೋಲು ಎಂದು ಎಣಿಸಲಾಗುತ್ತದೆ. ಒಂಬತ್ತು ಗೆದ್ದು, ಏಳು ಸೋತು, ಒಂದನ್ನು ಡ್ರಾ ಮಾಡಿಕೊಂಡ ತಂಡದ ಲೆಕ್ಕ 17ಕ್ಕೆ 9.5, ಅಂದರೆ 0.559. ಆ ತಂಡ 9-8ರ (ಒಂಬತ್ತು ಗೆಲುವು, ಎಂಟು ಸೋಲು) ತಂಡಕ್ಕಿಂತ ಮೇಲೆ, 10-7ರ ತಂಡಕ್ಕಿಂತ ಕೆಳಗೆ ನಿಲ್ಲುತ್ತದೆಯಾದ್ದರಿಂದ ಅಲ್ಲಿ ಟೈಬ್ರೇಕರ್‌ನ, ಅಂದರೆ ಸಮಬಲವನ್ನು ಬಿಡಿಸುವ ನಿಯಮದ ಪ್ರಶ್ನೆಯೇ ಏಳುವುದಿಲ್ಲ.

ಸಮವಾಗಿದ್ದರೆ, ಆ ತಂಡಗಳು ಒಂದೇ ಡಿವಿಷನ್‌ನವೇ ಎಂಬುದನ್ನು ಗಮನಿಸಬೇಕು, ಏಕೆಂದರೆ ನಿಯಮಗಳ ಕ್ರಮ ಅದರ ಮೇಲೆ ನಿಂತಿದೆ. ಒಂದೇ ಡಿವಿಷನ್‌ನ ಎರಡು ತಂಡಗಳಾದರೆ ಮೊದಲು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ, ನಂತರ ಡಿವಿಷನ್‌ನೊಳಗಿನ ಸಾಧನೆ, ನಂತರ ಇಬ್ಬರೂ ಎದುರಿಸಿದ ಸಮಾನ ಎದುರಾಳಿಗಳ ವಿರುದ್ಧದ ಸಾಧನೆ, ಅದಾದ ಮೇಲೆ ಕಾನ್ಫರೆನ್ಸ್‌ನೊಳಗಿನ ಸಾಧನೆಯನ್ನು ನೋಡಲಾಗುತ್ತದೆ. ಯಾವ ಹಂತದಲ್ಲಿ ವ್ಯತ್ಯಾಸ ಕಾಣುತ್ತದೆಯೋ ಅಲ್ಲಿಗೆ ಲೆಕ್ಕ ಮುಗಿಯಿತು. ಅಲ್ಲಿ ಸೋತ ತಂಡ ನಂತರದ ಹಂತಗಳಲ್ಲಿ ಎಷ್ಟೇ ಮುಂದಿದ್ದರೂ ಪ್ರಯೋಜನವಿಲ್ಲ.

2008ರ ಎಎಫ್‌ಸಿ ಈಸ್ಟ್ ಇದಕ್ಕೆ ಒಳ್ಳೆಯ ಪಾಠ. ಆಗ ಋತುವಿಗೆ 16 ಪಂದ್ಯಗಳಿದ್ದವು. ಮಯಾಮಿ ಡಾಲ್ಫಿನ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎರಡೂ 11-5ರಲ್ಲಿ ನಿಂತವು. ಪರಸ್ಪರ ಒಂದೊಂದು ಗೆಲುವು, ಡಿವಿಷನ್‌ನಲ್ಲಿ ಇಬ್ಬರದೂ 4-2, ಸಮಾನ ಎದುರಾಳಿಗಳ ವಿರುದ್ಧವೂ ಇಬ್ಬರದೂ ಒಂದೇ ಲೆಕ್ಕ. ನಾಲ್ಕನೆಯ ಹಂತದಲ್ಲಿ, ಕಾನ್ಫರೆನ್ಸ್‌ನೊಳಗೆ ಮಯಾಮಿ 8-4, ಪೇಟ್ರಿಯಟ್ಸ್ 7-5 ಇದ್ದ ಕಾರಣ ಡಿವಿಷನ್ ಮಯಾಮಿಯ ಪಾಲಾಯಿತು. ವೈಲ್ಡ್ ಕಾರ್ಡ್ ಲೆಕ್ಕದಲ್ಲಿಯೂ 11-5ರ ಬಾಲ್ಟಿಮೋರ್ ರೇವನ್ಸ್ ಅದೇ 8-4ರ ಬಲದಿಂದ ಪೇಟ್ರಿಯಟ್ಸ್ ತಂಡವನ್ನು ಹಿಂದಿಕ್ಕಿತು. ಎನ್‌ಎಫ್‌ಸಿ ತಂಡಗಳ ವಿರುದ್ಧದ ನಾಲ್ಕೂ ಪಂದ್ಯಗಳನ್ನು ಪೇಟ್ರಿಯಟ್ಸ್ ಗೆದ್ದಿತ್ತು. ಐದೂ ಸೋಲುಗಳು ಸ್ವಂತ ಕಾನ್ಫರೆನ್ಸ್‌ನೊಳಗೇ ಬಂದದ್ದೇ ಮುಳುವಾಯಿತು. ಸೋಲುಗಳ ಸಂಖ್ಯೆಯಷ್ಟೇ ಅಲ್ಲ, ಸೋತದ್ದು ಯಾರಿಗೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಬೇರೆ ಬೇರೆ ಡಿವಿಷನ್‌ಗಳ ತಂಡಗಳು ವೈಲ್ಡ್ ಕಾರ್ಡ್‌ಗಾಗಿ ಸಮವಾದಾಗ ಡಿವಿಷನ್ ಸಾಧನೆಯ ಹಂತವಿರುವುದಿಲ್ಲ. ಪರಸ್ಪರ ಆಡಿದ್ದರೆ ಆ ಫಲಿತಾಂಶ, ಬಳಿಕ ಕಾನ್ಫರೆನ್ಸ್ ಸಾಧನೆ, ಆಮೇಲಷ್ಟೇ ಸಮಾನ ಎದುರಾಳಿಗಳು. ಅದೂ ಅಂಥ ಪಂದ್ಯಗಳು ಕನಿಷ್ಠ ನಾಲ್ಕಿದ್ದರೆ ಮಾತ್ರ. ಈ ಕ್ರಮ ನ್ಯಾಯವಾದದ್ದೇ. ಈಗಿನ ವೇಳಾಪಟ್ಟಿಯಲ್ಲಿ ಒಂದೇ ಡಿವಿಷನ್‌ನ ಎರಡು ತಂಡಗಳಿಗೆ ತಲಾ 12 ಪಂದ್ಯಗಳಲ್ಲಿ ಎದುರಾಳಿಗಳು ಸಮಾನರು, ಬೇರೆ ಡಿವಿಷನ್‌ನವರಿಗೆ ಅಷ್ಟು ಹೋಲಿಕೆ ಇರುವುದಿಲ್ಲ. 2022ರಲ್ಲಿ ಸಿಯಾಟಲ್ ಸೀಹಾಕ್ಸ್ ಮತ್ತು ಡೆಟ್ರಾಯಿಟ್ ಲಯನ್ಸ್ ಎರಡೂ 9-8ರಲ್ಲಿ ಮುಗಿಸಿದಾಗ, ಅಕ್ಟೋಬರ್‌ನಲ್ಲಿ ಸಿಯಾಟಲ್ 48-45ರಿಂದ ಗೆದ್ದಿದ್ದ ಒಂದೇ ಪಂದ್ಯ ಕೊನೆಯ ಸ್ಥಾನವನ್ನು ತೀರ್ಮಾನಿಸಿತು.

ಎಡವುವುದು ಹೆಚ್ಚಾಗಿ ಮೂರು ತಂಡಗಳ ಲೆಕ್ಕದಲ್ಲಿ. ಒಂದೇ ಡಿವಿಷನ್‌ನ ಮೂವರು ಸಮವಾದರೆ ಅವರನ್ನು ಇಬ್ಬಿಬ್ಬರಾಗಿ ಹೋಲಿಸುವಂತಿಲ್ಲ. ಮೂವರೂ ತಮ್ಮತಮ್ಮಲ್ಲಿ ಆಡಿದ ಎಲ್ಲ ಪಂದ್ಯಗಳನ್ನು ಒಟ್ಟಿಗೆ ಎಣಿಸಬೇಕು. 2025ರ ಎನ್‌ಎಫ್‌ಸಿ ಸೌತ್‌ನಲ್ಲಿ ಕ್ಯಾರೊಲಿನಾ, ಟ್ಯಾಂಪಾ ಬೇ, ಅಟ್ಲಾಂಟಾ ಮೂರೂ 8-9. ಕ್ಯಾರೊಲಿನಾ ಅಟ್ಲಾಂಟಾವನ್ನು ಎರಡು ಬಾರಿ ಸೋಲಿಸಿ ಟ್ಯಾಂಪಾ ಜೊತೆ ಒಂದೊಂದು ಹಂಚಿಕೊಂಡಿತ್ತು, ಒಟ್ಟು 3-1. ಟ್ಯಾಂಪಾ 2-2, ಅಟ್ಲಾಂಟಾ 1-3. ಡಿವಿಷನ್ ಕ್ಯಾರೊಲಿನಾಗೆ ಸಿಕ್ಕಿತು. ಕೊನೆಯ ದಿನ ಅಟ್ಲಾಂಟಾ ಸೋತು ಲೆಕ್ಕದಿಂದ ಹೊರಬಿದ್ದಿದ್ದರೆ ಉಳಿದ ಇಬ್ಬರ ಹೋಲಿಕೆಯಲ್ಲಿ ಟ್ಯಾಂಪಾ ಗೆಲ್ಲುತ್ತಿತ್ತು. ಮೂರನೆಯವರ ಫಲಿತಾಂಶ ಮೊದಲಿಬ್ಬರ ಸ್ಥಾನವನ್ನೇ ಬದಲಿಸುವ ವಿಚಿತ್ರವಿದು.

ಮೂವರಲ್ಲಿ ಒಬ್ಬರು ಯಾವುದೇ ಹಂತದಲ್ಲಿ ಹೊರಬಿದ್ದರೆ, ಉಳಿದ ಇಬ್ಬರಿಗೆ ಮತ್ತೆ ಮೊದಲನೆಯ ಹಂತದಿಂದಲೇ ಲೆಕ್ಕ ಆರಂಭಿಸಬೇಕು. ನಿಂತ ಹಂತದಿಂದ ಮುಂದುವರಿಯುವಂತಿಲ್ಲ. ವೈಲ್ಡ್ ಕಾರ್ಡ್‌ನಲ್ಲಾದರೆ ಮೊದಲು ಪ್ರತಿ ಡಿವಿಷನ್‌ನಿಂದ ಒಂದೇ ತಂಡವನ್ನು ಉಳಿಸಿಕೊಳ್ಳಬೇಕು. ಅನಂತರವೂ ಮೂರು ತಂಡಗಳಿದ್ದರೆ, ಪರಸ್ಪರ ಪಂದ್ಯಗಳು ಲೆಕ್ಕಕ್ಕೆ ಬರುವುದು ಒಂದು ತಂಡ ಉಳಿದೆರಡನ್ನೂ ಸೋಲಿಸಿದ್ದರೆ ಅಥವಾ ಎರಡಕ್ಕೂ ಸೋತಿದ್ದರೆ ಮಾತ್ರ. ಒಂದು ಸ್ಥಾನ ತುಂಬಿದ ಮೇಲೆ, ಬಿಟ್ಟಿದ್ದ ತಂಡವನ್ನೂ ಸೇರಿಸಿಕೊಂಡು ಮುಂದಿನ ಸ್ಥಾನಕ್ಕೆ ಇಡೀ ಕ್ರಮವನ್ನು ಮೊದಲಿನಿಂದ ನಡೆಸಬೇಕು.

ಇಷ್ಟಾದರೂ ಸಮವಾಗಿಯೇ ಉಳಿದರೆ ಗೆಲುವಿನ ಬಲದ ಸರದಿ: ತಂಡವು ಸೋಲಿಸಿದ ಎದುರಾಳಿಗಳೆಲ್ಲರ ಗೆಲುವು ಸೋಲುಗಳನ್ನು ಕೂಡಿಸಿ ಶೇಕಡಾವಾರು ತೆಗೆಯಲಾಗುತ್ತದೆ, ಎರಡು ಬಾರಿ ಸೋಲಿಸಿದ ತಂಡವನ್ನು ಎರಡು ಬಾರಿ ಸೇರಿಸಬೇಕು. ಅದರ ನಂತರದ್ದು ವೇಳಾಪಟ್ಟಿಯ ಬಲ, ಅಂದರೆ ಗೆದ್ದರೂ ಸೋತರೂ ಎಲ್ಲ ಎದುರಾಳಿಗಳ ಒಟ್ಟು ಲೆಕ್ಕ. ನೆಟ್ ರನ್ ರೇಟ್ ನೋಡಿ ಅಭ್ಯಾಸವಾದವರು ಅಂಕಗಳ ಅಂತರವನ್ನೇ ಮೊದಲು ಹುಡುಕುತ್ತಾರೆ. ಇಲ್ಲಿ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳು ಲೆಕ್ಕಕ್ಕೆ ಬರುವುದು ಇವೆಲ್ಲದರ ಆಚೆಗೆ. ಅದೂ ಫಲಿಸದೆ, ಟಚ್‌ಡೌನ್‌ಗಳ (ಚೆಂಡನ್ನು ಎದುರಾಳಿಯ ಅಂತಿಮ ವಲಯಕ್ಕೆ ಒಯ್ದು ಅಂಕ ಗಳಿಸುವುದು) ಅಂತರವೂ ಸಮವಾದರೆ ಟಾಸ್ ಹಾಕುತ್ತಾರೆ.